ಫೇಲಾದರೆ ಕೆಂಪು ಬೀಳಬೇಕು: ಕಾಕಾ-ಕಾಕುಗೆ ಪುಣೆಯಲ್ಲಿ ಜಾಗ ಹುಡುಕಿದ ಪ್ರಕರಣ

ನಮ್ಮ ಕಾಕಾ ಮಧ್ಯ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ 34 ವರ್ಷ ದುಡಿದವರು. ಸಿಗ್ನಲ್ ಕೆಲಸಕ್ಕೆ ಸೇರಿದವರಿಗೆ ಮೊದಲು ಕಲಿಸುವ ಪಾಠ ಒಂದೇ ಅಂತೆ. ತಂತಿ ಕಡಿಯಲಿ, ಕರೆಂಟ್ ಹೋಗಲಿ, ರಿಲೇ ಕೆಡಲಿ, ಸಿಗ್ನಲ್ ಮಾತ್ರ ಕೆಂಪಿಗೇ ಬಂದು ನಿಲ್ಲಬೇಕು. ಎಲ್ಲ ಸರಿಯಿದ್ದಾಗ ಹಸಿರು ತೋರಿಸುವುದು ದೊಡ್ಡ ಮಾತಲ್ಲ. ಕೆಟ್ಟಾಗ ಏನು ತೋರಿಸುತ್ತದೆ, ಅಷ್ಟೇ ನೋಡಬೇಕು.

2024ರ ದೀಪಾವಳಿ ಮುಗಿದ ಮೇಲೆ ಕಾಕಾ ಮತ್ತು ಅವರ ಹೆಂಡತಿ ಕಾಕುಗೆ ಸೀನಿಯರ್ ಲಿವಿಂಗ್ ಜಾಗ, ಅಂದರೆ ಹಿರಿಯರಿಗಾಗಿಯೇ ಕಟ್ಟಿದ ವಸತಿ, ಹುಡುಕಲು ಹೊರಟೆವು. ಹೋದ ಕಡೆಯೆಲ್ಲ ಕಾಕಾ ಕೇಳಿದ್ದು ಇದೇ ಪ್ರಶ್ನೆ: "ಇದು ಫೇಲ್ ಆದ್ರ ಏನಾಗ್ತದ?" ಸೇಲ್ಸ್ ಹುಡುಗರು ಗಲಿಬಿಲಿಯಾಗುತ್ತಿದ್ದರು. ನಾನೂ ಮುಜುಗರದಿಂದ ಪಕ್ಕಕ್ಕೆ ನೋಡುತ್ತಿದ್ದೆ. ಈಗ ಹಿಂದಿರುಗಿ ನೋಡಿದರೆ, ನಾವು ಕೇಳಿದ ನೂರು ಪ್ರಶ್ನೆಗಳಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ ಅನಿಸುತ್ತದೆ.

ಡೊಂಬಿವಲಿಯಿಂದ ಯಾಕೆ ಹೊರಡಬೇಕಾಯಿತು

ಕಾಕಾಗೆ ಆಗ 79, ಕಾಕುಗೆ 73. ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ 1986ರಲ್ಲಿ ಕೊಂಡ ಮನೆ. ಮೂರನೇ ಮಹಡಿ, ಲಿಫ್ಟ್ ಇಲ್ಲ, 54 ಮೆಟ್ಟಿಲು. ಕಾಕಾಗೆ ಶುಗರ್ ಇದೆ, ಒಂದು ಸ್ಟೆಂಟ್ ಬಿದ್ದಿದೆ, ಮಂಡಿ ಎರಡೂ ಸವೆದಿವೆ. ಕಾಕುಗೆ ಬಿಪಿ ಗುಳಿಗೆ ಒಂದು ಬಿಟ್ಟರೆ ಏನಿಲ್ಲ. ಮಾರ್ಕೆಟ್‌ಗೆ ಹೋಗಿ ಮರಾಠಿಯಲ್ಲಿ ಚೌಕಾಸಿ ಮಾಡಿ, ಎರಡು ಚೀಲ ಹೊತ್ತು ಮೇಲೆ ಹತ್ತುವವರು ಅವರೇ.

ಇಷ್ಟೇ ಆಗಿದ್ದರೆ ಇನ್ನೂ ಹತ್ತು ವರ್ಷ ತಳ್ಳುತ್ತಿದ್ದರೋ ಏನೋ. ಆದರೆ ಸೊಸೈಟಿಯವರು ಕಟ್ಟಡವನ್ನು ರೀಡೆವಲಪ್‌ಮೆಂಟ್‌ಗೆ ಕೊಟ್ಟರು. ಎಲ್ಲರೂ ಮನೆ ಖಾಲಿ ಮಾಡಬೇಕು, 36 ತಿಂಗಳ ನಂತರ ಹೊಸ ಮನೆ. ಅಲ್ಲಿಯವರೆಗೆ ಬಿಲ್ಡರ್ ತಿಂಗಳಿಗೆ 24,000 ರೂಪಾಯಿ ಬಾಡಿಗೆ ಕೊಡುತ್ತಾನೆ. ಮೂವತ್ತು ದಾಟಿದವರಿಗೆ ಇದು ಲಾಟರಿ. ಎಂಬತ್ತರ ಹತ್ತಿರ ಇದ್ದವರಿಗೆ ಈ 36 ತಿಂಗಳು ಅನ್ನುವುದು ಬೇರೆಯೇ ಲೆಕ್ಕ. ಅದೂ ಮುಂಬೈ ಕಡೆ ಬಿಲ್ಡರ್ ಹೇಳಿದ ತಿಂಗಳು ಅಂದರೆ ಗೊತ್ತಲ್ವಾ.

ಮಗಳು, ಅಂದರೆ ನನ್ನ ತಂಗಿ, ನ್ಯೂಜೆರ್ಸಿಯಲ್ಲಿ. ಅಲ್ಲಿಗೆ ಹೋಗುವ ಮಾತನ್ನು ಕಾಕಾ ಒಂದೇ ವಾಕ್ಯದಲ್ಲಿ ಮುಗಿಸಿದರು. "ಆರು ತಿಂಗಳು ಇದ್ದು ಬಂದೀನಿ. ಮನಿ ಭಾಳ ದೊಡ್ಡದದ, ಮಾತಾಡ್ಲಿಕ್ಕೆ ಗ್ವಾಡಿ ಅಷ್ಟ." ಧಾರವಾಡದ ಮನೆ ಪಾಲಾಗಿ ಮಾರಿ ಹೋಗಿ ಇಪ್ಪತ್ತು ವರ್ಷ. ಉಳಿದದ್ದು ನಾನು, ಪುಣೆಯ ಕೋಥರೂಡ್‌ನಲ್ಲಿ. ಎರಡು ಬೆಡ್‌ರೂಮಿನ ಮನೆ, ಒಂದರಲ್ಲಿ ಅವ್ವ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. "ನಮ್ಮ ಮನೆಗೇ ಬನ್ನಿ" ಅಂತ ನಾನು ಬಾಯಿಮಾತಿಗೆ ಅಂದದ್ದು ನಿಜ. ಕಾಕು ಅದನ್ನು ಬಾಯಿಮಾತು ಅಂತಲೇ ತಿಳಿದುಕೊಂಡರು. ಅದಕ್ಕೆ ನಾನು ಇವತ್ತಿಗೂ ಅವರಿಗೆ ಋಣಿ.

ಪುಣೆಯೇ ಯಾಕೆ ಅಂದರೆ, ನಾನಿದ್ದೇನೆ ಅನ್ನುವುದು ಒಂದು. ಹವೆ ಡೊಂಬಿವಲಿಯಷ್ಟು ಬೆವರಿಸುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಪುಣೆ-ಹುಬ್ಬಳ್ಳಿ ವಂದೇ ಭಾರತ್ ಶುರುವಾಗಿತ್ತು, ಧಾರವಾಡದ ನೆಂಟರು ಬಂದು ಹೋಗುವುದು ಸುಲಭ. ಗಣೇಶನಗರದಲ್ಲಿ ಕನ್ನಡ ಸಂಘದ ಶಾಲೆ ಇದೆ, ಕಾರ್ಯಕ್ರಮ ಆಗುತ್ತವೆ. ಹಿರಿಯರಿಗಾಗಿಯೇ ಕಟ್ಟಿದ ವಸತಿಗಳು ಪುಣೆಯಲ್ಲಿ 2000ದ ದಶಕದಿಂದಲೇ ಇರುವುದರಿಂದ ಇಲ್ಲಿ ಇದೇನು ಹೊಸ ಸುದ್ದಿಯಲ್ಲ. "ವೃದ್ಧಾಶ್ರಮಕ್ಕೆ ಹಾಕಿದರಂತೆ" ಅಂತ ಯಾರೂ ಪಿಸುಗುಡುವುದಿಲ್ಲ. ಧಾರವಾಡದಲ್ಲಿ ಒಬ್ಬಿಬ್ಬರು ಅಂದರು ಅನ್ನಿ.

ಬಚ್ಚಲ ಬಾಗಿಲು

ನೋಡಿದ್ದು ಮೂರು ಕಡೆ. ಕರ್ಜತ್ ಕಡೆಯದನ್ನು ಒಂದೇ ಭೇಟಿಗೆ ಬಿಟ್ಟೆವು. ಮಳೆಗಾಲದಲ್ಲಿ ಸ್ವರ್ಗದಂತೆ ಇರುತ್ತದೆ ಅಂತ ಅವರೇ ಹೇಳಿದರು. ಹೃದಯದ ಡಾಕ್ಟರು ಎಲ್ಲಿ ಅಂದರೆ ಪನವೇಲ್ ಕಡೆ ಕೈ ತೋರಿಸಿದರು. ಅಲ್ಲಿಗೆ ಮುಗಿಯಿತು.

ಎರಡನೆಯದು ಹಳೆಯ ಮುಂಬೈ-ಪುಣೆ ಹೆದ್ದಾರಿಯ ಕಡೆ, ಪುಣೆಯಿಂದ 35 ಕಿಲೋಮೀಟರ್ ಸುಮಾರು. ದೊಡ್ಡ ಕ್ಯಾಂಪಸ್. ಈಜುಕೊಳ, ಮಿನಿ ಥಿಯೇಟರ್, ದೇವಸ್ಥಾನ, ನಾಲ್ಕು ಬಗೆಯ ಗಾರ್ಡನ್. ಇಲ್ಲಿ ಮನೆ ಕೊಳ್ಳಬೇಕು, 85 ಲಕ್ಷ. ವಿಡಿಯೊ ಕಾಲ್‌ನಲ್ಲಿ ನೋಡುತ್ತಿದ್ದ ತಂಗಿಗೆ ಬಹಳ ಹಿಡಿಸಿತು. ಬ್ರೋಶರ್ ತಿರುವಿ ಹಾಕಿದ ಕಾಕಾ ಮಾತ್ರ ಮೆಲ್ಲಗೆ ಅಂದರು, "ಇದರೊಳಗ ಇಷ್ಟ ಮಂದಿ ಮುದುಕರು ಇದ್ದಾರ, ಒಬ್ಬನೂ ಬಡಿಗಿ ಹಿಡದಿಲ್ಲ ನೋಡು."

ಮೂರನೆಯದು ಪುಣೆಯ ಪಶ್ಚಿಮದ ಅಂಚು, ಬಾವಧನ್ ಕಡೆ. ಹಳೆಯ ಕಟ್ಟಡ. ಲಾಬಿಯಲ್ಲಿ ಫಿನೈಲ್ ವಾಸನೆ. ಈಜುಕೊಳ ಇಲ್ಲ. ಕೊಳ್ಳುವ ಹಾಗಿಲ್ಲ, ಡಿಪಾಸಿಟ್ ಕೊಟ್ಟು ಲೀವ್ ಅಂಡ್ ಲೈಸೆನ್ಸ್, ಅಂದರೆ ಬಾಡಿಗೆಯಂಥ ಕರಾರಿನ ಮೇಲೆ ಇರಬೇಕು.

ಕಾಕಾ ಜೇಬಿನಲ್ಲಿ ಒಂದು ಟೇಪು ಇತ್ತು. ಅದಕ್ಕೆ ನಾನೇ ಕಾರಣ. 2024ರ ಮೇ ತಿಂಗಳಲ್ಲಿ ಮಹಾರೇರಾ, ಅಂದರೆ ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಮಹಾರಾಷ್ಟ್ರದ ಪ್ರಾಧಿಕಾರ, ಒಂದು ಆದೇಶ ಹೊರಡಿಸಿತ್ತು. ಹಿರಿಯರ ವಸತಿ ಅಂತ ಹೆಸರಿಟ್ಟು ಮಾರುವ ಯೋಜನೆಗಳಲ್ಲಿ ಏನೇನು ಇರಬೇಕು ಅಂತ. ಬಾಗಿಲು ಕಡಿಮೆ ಅಂದರೂ 900 ಮಿಲಿಮೀಟರ್ ಅಗಲ, ಲಿಫ್ಟಿನಲ್ಲಿ ವ್ಹೀಲ್‌ಚೇರ್ ಹಿಡಿಯಬೇಕು, ಬಚ್ಚಲಲ್ಲಿ ಜಾರದ ಟೈಲ್ಸ್, ಹಿಡಿದುಕೊಳ್ಳಲು ಕಂಬಿ, ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಗೊತ್ತಾಗುವ ಸಾಧನ, ಹೀಗೆ. ಕೇಂದ್ರ ಸರಕಾರದ ಮಾದರಿ ನಿಯಮ 2019ರಲ್ಲೇ ಬಂದಿತ್ತು, ಆದರೆ ಮಾದರಿ ಅಂದರೆ ಮಾದರಿಯೇ. ಈ ಆದೇಶದ ಪ್ರಿಂಟ್‌ಔಟ್ ತೆಗೆದು ಕಾಕಾ ಕೈಗೆ ಕೊಟ್ಟಿದ್ದೆ. ಹೊತ್ತು ಹೋಗಲಿ ಅಂತ ಸುಮ್ನೆ ಕೊಟ್ಟದ್ದು. ಅವರು ಅದನ್ನು ಡ್ಯೂಟಿ ಅಂತ ತೆಗೆದುಕೊಂಡರು.

ಹೆದ್ದಾರಿ ಕಡೆಯ ಜಾಗದಲ್ಲಿ ಸ್ಯಾಂಪಲ್ ಫ್ಲ್ಯಾಟ್ ನೋಡುವಾಗ ಎಲ್ಲ ಅಳತೆ ಸರಿಯಿತ್ತು. ಬಾಗಿಲು 900, ಕಂಬಿ ಗಟ್ಟಿ, ಟೈಲ್ಸ್ ಒರಟು. ಕಾಕಾ ಬಚ್ಚಲ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಒಳಗ ಹೋಗಿ ನೆಲದ ಮ್ಯಾಲೆ ಕೂಡು" ಅಂದರು. ನನಗೆ 52 ವರ್ಷ. ಇಸ್ತ್ರಿ ಪ್ಯಾಂಟ್ ಹಾಕಿದ್ದೆ. ಸೇಲ್ಸ್ ಹುಡುಗಿ ಎದುರಿಗೇ ನಿಂತಿದ್ದಳು. ಆದರೂ ಹೋಗಿ ಕಮೋಡ್ ಪಕ್ಕದಲ್ಲಿ ಕಾಲು ಚಾಚಿ ಕೂತೆ. ಕಾಕಾ ಹೊರಗಿನಿಂದ ಬಾಗಿಲು ತಳ್ಳಿದರು. ಬಾಗಿಲು ಬಂದು ನನ್ನ ಮಂಡಿಗೆ ಬಡಿದು ನಿಂತಿತು. ನಾಲ್ಕು ಬೆರಳು ತೂರುವಷ್ಟು ಸಂದಿ. ಬಾಗಿಲು ಒಳಗೆ ತೆರೆಯುವಂಥದ್ದು. ಒಳಗೆ ಬಿದ್ದವನೇ ಬಾಗಿಲಿಗೆ ಅಡ್ಡ.

"ನೀ ಎಚ್ಚರ ಇದ್ದೀ, ಕಾಲು ಮಡಚತಿ," ಅಂದರು ಕಾಕಾ ಸಂದಿಯಿಂದ. "ಎಚ್ಚರ ಇರಲಾರದವಾ ಏನ್ ಮಾಡ್ತಾನ?"

ಅಲ್ಲೇ ಕೂತು ನಾನು ಇನ್ನೊಂದು ನೋಡಿದೆ. ತುರ್ತು ಕರೆಗೆ ಅಂತ ಕೆಂಪು ಹಗ್ಗ ಒಂದು ಗೋಡೆಯಲ್ಲಿತ್ತು. ಅದು ನೆಲದವರೆಗೆ ಇಳಿಬಿದ್ದಿರಬೇಕು. ಇಲ್ಲಿ ಯಾರೋ ನೆಲ ಒರೆಸುವಾಗ ತೊಡಕಾಗುತ್ತದೆ ಅಂತ ಸುತ್ತಿ ಮೇಲೆ ಗಂಟು ಹಾಕಿದ್ದರು. ಕೂತವನ ಕೈಗೆ ಎಟುಕದಷ್ಟು ಮೇಲೆ. ನಿಂತವನಿಗೆ ಚೆನ್ನಾಗಿ ಎಟುಕುತ್ತಿತ್ತು.

ನ್ಯಾಯವಾಗಿ ಹೇಳಬೇಕೆಂದರೆ ಬಾವಧನ್ ಕಡೆಯ ಜಾಗದ ಬಾಗಿಲುಗಳು 900 ಇರಲಿಲ್ಲ. 820 ಬಂತು. ಆದೇಶಕ್ಕಿಂತ ಎಷ್ಟೋ ಮೊದಲಿನ ಕಟ್ಟಡ ಅದು. ಆದರೆ ಬಚ್ಚಲಿಗೆ ಸರಿಯುವ ಬಾಗಿಲು, ಹೊರಗಿನಿಂದ ನಾಣ್ಯ ತಿರುಗಿಸಿದರೆ ಚಿಲಕ ತೆಗೆಯುವ ವ್ಯವಸ್ಥೆ. ಹಗ್ಗದ ತುದಿ ನೆಲಕ್ಕೆ ಒಂದು ಗೇಣು ಮೇಲೆ, ಕೊಳೆಯಾಗಿ ಕಪ್ಪಾಗಿತ್ತು. ಆ ಕಪ್ಪು ಹಗ್ಗ ಕಾಕಾಗೆ ಬಹಳ ಇಷ್ಟವಾಯಿತು. ಬಳಸಿದ ಹಗ್ಗ, ನೋಡಿ.

ರಾತ್ರಿ ಎಂಟು, ರಾತ್ರಿ ಎರಡೂವರೆ

ಇಂಥ ಜಾಗಗಳನ್ನು ಎಲ್ಲರೂ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನೋಡುತ್ತಾರೆ. ಅವರೂ ಆ ಹೊತ್ತಿಗೇ ಕರೆಯುತ್ತಾರೆ. ಹೂಕುಂಡಕ್ಕೆ ನೀರು ಹಾಕಿರುತ್ತಾರೆ, ನಗುಮುಖದ ಅಜ್ಜ ಒಬ್ಬರು ಕೇರಂ ಆಡುತ್ತಿರುತ್ತಾರೆ. ನಾನು ಕೆಲಸ ಮುಗಿಸಿ ಒಂದು ಮಂಗಳವಾರ ರಾತ್ರಿ ಎಂಟಕ್ಕೆ ಹೆದ್ದಾರಿ ಕಡೆಯದರ ಗೇಟಿನ ಹೊರಗೆ ಕಾರು ನಿಲ್ಲಿಸಿ, ದೀಪ ಹತ್ತಿದ ಕಿಟಕಿ ಎಣಿಸಿದೆ. ನನ್ನ ಕಡೆಗಿದ್ದ ಏಳು ಮಹಡಿಯಲ್ಲಿ ಹನ್ನೊಂದು ಮನೆ. ಎಲ್ಲ ಮಾರಾಟವಾಗಿವೆ ಅಂದದ್ದು ಸುಳ್ಳಲ್ಲ. ಮಾರಿವೆ, ಆದರೆ ಜನ ಇಲ್ಲ. ಮುಂದೆ ಬೇಕಾದೀತು ಅಂತ ಕೊಂಡು ಬೀಗ ಹಾಕಿದವರು, ವರ್ಷಕ್ಕೊಮ್ಮೆ ವಿದೇಶದಿಂದ ಬಂದು ಹೋಗುವವರು. ಊಟದ ಹಾಲ್ ನಡೆಯಲು, ನರ್ಸ್ ಉಳಿಯಲು, ಜಗಳ ಆಡಲು ಕೂಡ ಜನ ಬೇಕು.

ಹೋಗುವಾಗ ಬರುವಾಗ ಸಮಯವನ್ನೂ ನೋಡಿದೆ. ಬ್ರೋಶರ್‌ನಲ್ಲಿ "ದೊಡ್ಡ ಆಸ್ಪತ್ರೆ 25 ನಿಮಿಷ" ಅಂತಿತ್ತು. ಆ ಮಂಗಳವಾರ ನನಗೆ 55 ಹಿಡಿಯಿತು. ಕಾಕಾ ವಿಷಯದಲ್ಲಿ ಆಸ್ಪತ್ರೆಗೆ ಇನ್ನೊಂದು ಎಳೆಯೂ ಇದೆ. ಅವರದು ರೈಲ್ವೆ ನಿವೃತ್ತರ ವೈದ್ಯಕೀಯ ಯೋಜನೆ, ಉಮೀದ್ ಕಾರ್ಡ್. ಪುಣೆ ಸ್ಟೇಶನ್ ಹತ್ತಿರ ರೈಲ್ವೆ ಆಸ್ಪತ್ರೆ ಇದೆ, ತಿಂಗಳ ಗುಳಿಗೆ ಅಲ್ಲಿಂದಲೇ. ಬೇರೆ ಆಸ್ಪತ್ರೆಗೆ ಹೋಗಬೇಕಾದರೂ ಕಾಗದ ಅಲ್ಲಿಂದಲೇ ಹೊರಡಬೇಕು. ಬಾವಧನ್‌ನಿಂದ ಅದು ರಿಕ್ಷಾದಲ್ಲಿ ಹೋಗುವ ದೂರ, ಹೆದ್ದಾರಿ ಕಡೆಯಿಂದ ಒಂದು ದಿನದ ಪ್ರವಾಸ. ಪೆನ್ಶನರ್‌ಗಳಿಗೆ ಈಜುಕೊಳಕ್ಕಿಂತ ಇದು ದೊಡ್ಡ ವಿಷಯ. ಯಾವ ಸೇಲ್ಸ್‌ನವರೂ ಇದನ್ನು ಕೇಳುವುದಿಲ್ಲ, ನಾವೇ ನೆನಪಿಟ್ಟುಕೊಳ್ಳಬೇಕು.

ಎರಡೂ ಕಡೆ ಟ್ರಯಲ್ ಇರಲು ಕೊಡುತ್ತಾರೆ, ದಿನದ ಲೆಕ್ಕದಲ್ಲಿ ದುಡ್ಡು. ಹೆದ್ದಾರಿ ಕಡೆ ಐದು ದಿನ, ಬಾವಧನ್‌ನಲ್ಲಿ ಹದಿನೈದು ದಿನ ಇದ್ದರು. ಎರಡೂ ಕಡೆ ಕಾಕಾ ಒಂದೇ ಪರೀಕ್ಷೆ ಮಾಡಿದರು. ಮೂರನೇ ರಾತ್ರಿ ಎರಡೂವರೆಗೆ ಎದ್ದು ಬೆಡ್ ಪಕ್ಕದ ಬೆಲ್ ಒತ್ತಿ, ಕೈಗಡಿಯಾರ ನೋಡುತ್ತ ಕೂತರು.

ಹೆದ್ದಾರಿ ಕಡೆ 14 ನಿಮಿಷಕ್ಕೆ ಬಾಗಿಲು ತಟ್ಟಿತು. ಬಂದದ್ದು ಗೇಟಿನ ವಾಚ್‌ಮನ್. "ಸಾಹೇಬ್, ನರ್ಸ್‌ಗೆ ಫೋನ್ ಮಾಡಲಾ?" ಅಂತ ಕೇಳಿದ. ನರ್ಸ್ ರಾತ್ರಿ ಕ್ಯಾಂಪಸ್‌ನಲ್ಲಿ ಇರುವುದಿಲ್ಲ, ಫೋನ್ ಮಾಡಿದರೆ ಬರುತ್ತಾಳೆ. "24 ಗಂಟೆ ನರ್ಸಿಂಗ್ ನೆರವು" ಅನ್ನುವ ಸಾಲಿನಲ್ಲಿ ನೆರವು ಅನ್ನುವ ಪದ ಯಾಕೆ ಇತ್ತು ಅಂತ ಆಗ ತಿಳಿಯಿತು. ಬಾವಧನ್‌ನಲ್ಲಿ 6 ನಿಮಿಷ. ಬಂದವಳು ನರ್ಸ್, ಕೈಯಲ್ಲಿ ಬಿಪಿ ಮಷೀನ್. ಪರೀಕ್ಷೆ ಅಂತ ಹೇಳಿದ್ದಕ್ಕೆ ಅವಳು ಮುಖ ಸಿಂಡರಿಸಿ, ಹೇಗೂ ಬಂದೆ ಅಂತ ಬಿಪಿ ನೋಡಿ ಬರೆದುಕೊಂಡು ಹೋದಳು. ಕಾಕಾ ಡೈರಿಯಲ್ಲಿ ಎರಡೂ ಸಂಖ್ಯೆ ಅಕ್ಕಪಕ್ಕ ಇವೆ.

ಕಾಕು ಯಾವ ಅಳತೆಯನ್ನೂ ಮಾಡಲಿಲ್ಲ. ಅವರು ನೆಲ ಒರೆಸುವ ಮಾವಶಿಯರ ಜೊತೆ ಮಾತಾಡಿದರು. "ಕಿತೀ ವರ್ಷಂ ಝಾಲೀ?", ಎಷ್ಟು ವರ್ಷ ಆಯ್ತು ಇಲ್ಲಿ, ಅಂತ ಎಲ್ಲರನ್ನೂ ಕೇಳಿದರು. ಹೆದ್ದಾರಿ ಕಡೆ ನಾಲ್ಕು ತಿಂಗಳಿಗಿಂತ ಹಳಬರು ಸಿಗಲಿಲ್ಲ. ಬಾವಧನ್‌ನಲ್ಲಿ ಒಬ್ಬಳು ಆರು ವರ್ಷ, ಒಬ್ಬಳು ಒಂಬತ್ತು. ಇನ್ನು ಊಟ. ಹೆದ್ದಾರಿ ಕಡೆ ಬುಫೆ, ವಾರಕ್ಕೊಮ್ಮೆ ಇಟಾಲಿಯನ್. ಬಾವಧನ್‌ನಲ್ಲಿ ದಿನವೂ ಅದೇ ಬೇಳೆ, ಅದೇ ಪಲ್ಯ, ಆದರೆ ಮಧ್ಯಾಹ್ನ ಜೋಳದ ಭಾಕ್ರಿ. "ನಮ್ಮ ರೊಟ್ಟಿನ ಅದು, ಸ್ವಲ್ಪ ದಪ್ಪ ಅಷ್ಟ," ಅಂದರು ಕಾಕು. ರೂಮಿನಲ್ಲಿ ಸಣ್ಣ ಇಂಡಕ್ಷನ್ ಒಲೆ ಇಡಬಹುದು ಅಂತ ಕೇಳಿ ಖಚಿತ ಮಾಡಿಕೊಂಡರು. ತಮ್ಮ ಕೈಯ ಸಾರು, ಬೆಳಗಿನ ಚಹಾ ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ.

ಲೆಕ್ಕ: ಇಬ್ಬರದಲ್ಲ, ಒಬ್ಬರದು

ಇದು ನಾನು ಜಾಸ್ತಿ ಹೊತ್ತು ಕೂತ ಭಾಗ. ಎಲ್ಲರೂ ಇಬ್ಬರ ಲೆಕ್ಕ ಹಾಕುತ್ತಾರೆ. ಇವತ್ತಿನ ಆದಾಯ, ಇವತ್ತಿನ ಬಿಲ್, ಉಳಿಯುತ್ತದಾ ಇಲ್ಲವಾ. ಕಾಕಾ ತಾವೇ ಅದನ್ನು ತಿರುಗಿಸಿದರು. "ನಾ ಫೇಲ್ ಆದ್ರ ಏನಾಗ್ತದ, ಅದನ್ನ ಬರಿ."

ಕಾಕಾ ಪೆನ್ಶನ್ ಎಲ್ಲ ಸೇರಿ ತಿಂಗಳಿಗೆ 48,000. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 20 ಲಕ್ಷ ಇದೆ. ಶೇಕಡ 8.2ರ ಬಡ್ಡಿಯಲ್ಲಿ ಮೂರು ತಿಂಗಳಿಗೆ 41,000, ಅಂದರೆ ತಿಂಗಳಿಗೆ 13,600 ಚಿಲ್ಲರೆ. ಬಿಲ್ಡರ್ ಬಾಡಿಗೆ 24,000. ಒಟ್ಟು 85,000 ದಾಟುತ್ತದೆ. ಬಾವಧನ್‌ನಲ್ಲಿ ಇಬ್ಬರಿಗೆ ಊಟ, ರೂಮು, ಎಲ್ಲ ಸೇರಿ ತಿಂಗಳಿಗೆ 52,000, ಡಿಪಾಸಿಟ್ 12 ಲಕ್ಷ. ನೋಡಿದರೆ ಆರಾಮ.

ಈಗ ಕಾಕಾ ಇಲ್ಲ ಅಂದುಕೊಳ್ಳಿ. ಪೆನ್ಶನ್ ಅಂದರೆ ಕೊನೆಯ ಸಂಬಳದ ಅರ್ಧ, ಹೆಂಡತಿಗೆ ಸಿಗುವ ಕುಟುಂಬ ಪೆನ್ಶನ್ ಅಂದರೆ ಅದೇ ಸಂಬಳದ ಶೇಕಡ 30. ಹಾಗಾಗಿ 48,000 ಇದ್ದದ್ದು 29,000ಕ್ಕೆ ಬಂದು ನಿಲ್ಲುತ್ತದೆ. ಆದರೆ ಒಬ್ಬರಿಗೆ ಬಿಲ್ ಅರ್ಧ ಆಗುವುದಿಲ್ಲ. ರೂಮು ಅದೇ, ಒಂದು ಊಟ ಕಡಿಮೆ. 36,000. ವರ್ಷಕ್ಕೆ ಶೇಕಡ 8 ಏರಿಕೆ ಅಂತ ಕರಾರಿನಲ್ಲೇ ಇದೆ. ಐದು ವರ್ಷಕ್ಕೆ ಆ 36,000 ಹತ್ತಿರ ಹತ್ತಿರ 53,000. ಪೆನ್ಶನ್ನಿನ ತುಟ್ಟಿಭತ್ಯೆಯೂ ಏರುತ್ತದೆ, ನಿಜ. ಆದರೆ ಅದು ಮೂಲ ಪೆನ್ಶನ್ ಮೇಲೆ ಮಾತ್ರ ಲೆಕ್ಕ, ಬಿಲ್ ಹಾಗಲ್ಲ, ಚಕ್ರಬಡ್ಡಿಯ ಥರ ಬೆಳೆಯುತ್ತದೆ.

ಹಾಗಾಗಿ ಡೊಂಬಿವಲಿ ಮನೆ ಮಾರುವ ಮಾತನ್ನು ನಾನು ಕಡಿದು ಹಾಕಿದೆ. ತಂಗಿ ಅದನ್ನು ಮಾರಿ, ತಾನೂ ಸ್ವಲ್ಪ ಹಾಕಿ, ಹೆದ್ದಾರಿ ಕಡೆಯ ಫ್ಲ್ಯಾಟ್ ಕೊಳ್ಳೋಣ ಅನ್ನುತ್ತಿದ್ದಳು. ಅವಳ ಮಾತಲ್ಲೂ ಅರ್ಥ ಇತ್ತು, ಸ್ವಂತದ್ದು ಅಂದರೆ ಯಾರೂ ಹೊರಗೆ ಹಾಕಲ್ಲ ಅಂತ. ಆದರೆ ಆ ಫ್ಲ್ಯಾಟಿನ ಕರಾರಿನ ಪ್ರಕಾರ ಅಲ್ಲಿ 55 ದಾಟಿದವರೇ ಇರಬೇಕು. ನಾಳೆ ಅದು ತಂಗಿಗೆ ಬಂದರೆ ಅವಳು ಮಾಲೀಕಳಾಗುತ್ತಾಳೆ, ಇರುವ ಹಾಗಿಲ್ಲ. ಮಾರಬೇಕೆಂದರೂ ಕೊಳ್ಳುವವನು 55 ದಾಟಿರಬೇಕು, ಜೊತೆಗೆ ಬಿಲ್ಡರ್‌ಗೆ ವರ್ಗಾವಣೆ ಶುಲ್ಕ. ಅಷ್ಟು ಕಿಟಕಿ ಕತ್ತಲಾಗಿರುವ ಕಡೆ ಗಿರಾಕಿ ಎಲ್ಲಿಂದ ಬರಬೇಕು? ಮೇಲಾಗಿ ತಿಂಗಳ ಮೇಂಟೆನೆನ್ಸ್ 14,000. ಅದರ ಮೇಲೆ ಶೇಕಡ 18 ಜಿಎಸ್‌ಟಿ. ಸೊಸೈಟಿ ಶುಲ್ಕ 7,500 ದಾಟಿದರೆ ಬರುವ ಆ ತೆರಿಗೆ ಕೋಟ್ ಮಾಡುವಾಗ ಅವರ ಬಾಯಿಂದ ಬಂದಿರಲಿಲ್ಲ. ಊಟ, ನರ್ಸಿಂಗ್ ಬೇರೆ. ಡೊಂಬಿವಲಿ ಮನೆ ಹಾಗಲ್ಲ. ಅದು ಯಾರಿಗಾದರೂ ಬಾಡಿಗೆಗೆ ಹೋಗುತ್ತದೆ, ಯಾವಾಗ ಬೇಕಾದರೂ ಮಾರುತ್ತದೆ. ಕಾಕುಗೆ ನಿಜವಾದ ಪೆನ್ಶನ್ ಅಂದರೆ ಆ ಮನೆ.

30 ದಿನದ ಸಾಲು

ಬಾವಧನ್‌ನವರು ಕೊಟ್ಟ ಕರಾರು 19 ಪುಟ. ಹದಿಮೂರನೇ ಪುಟದಲ್ಲಿ ಒಂದು ಸಾಲು ಇತ್ತು. ನಿವಾಸಿಗೆ ನಿರಂತರ ಆರೈಕೆ ಬೇಕಾದ ಸ್ಥಿತಿ ಬಂದರೆ, ಆಡಳಿತದ ತೀರ್ಮಾನವೇ ಅಂತಿಮ, 30 ದಿನದೊಳಗೆ ರೂಮು ತೆರವು ಮಾಡಬೇಕು. ಅಂದರೆ ನಡೆಯುವವರೆಗೆ ಇಟ್ಟುಕೊಳ್ಳುತ್ತೇವೆ, ಬಿದ್ದ ಮೇಲೆ ನೀವು ಕರೆದುಕೊಂಡು ಹೋಗಿ.

ಅದೇ ಕಟ್ಟಡದ ಮೊದಲ ಮಹಡಿಯಲ್ಲಿ ಅವರದೇ ಆರೈಕೆ ವಿಭಾಗ ಇತ್ತು. ಮಂಚ ಹಿಡಿದವರು, ಮರೆವಿನ ಕಾಯಿಲೆಯವರು, ಒಟ್ಟು ಹದಿನೆಂಟು ಬೆಡ್. ಟೂರ್‌ನಲ್ಲಿ ಅದನ್ನು ತೋರಿಸಿರಲಿಲ್ಲ. ಕಾಕು ಮಾವಶಿಯರ ಬಾಯಿಂದ ಪತ್ತೆ ಮಾಡಿದ್ದರು. ಕೇಳಿಕೊಂಡು ಹೋಗಿ ನೋಡಿದೆವು. ಚಾದರ ಸ್ವಚ್ಛ ಇತ್ತು. ಒಬ್ಬ ಅಜ್ಜಿಗೆ ಹುಡುಗಿಯೊಬ್ಬಳು ಗಂಜಿ ತಿನ್ನಿಸುತ್ತಿದ್ದಳು, ಫೋನ್ ನೋಡದೆ. ಕಾಕಾ ಅಲ್ಲಿ ಟೇಪು ತೆಗೆಯಲಿಲ್ಲ. ಬೇಗ ಹೊರಗೆ ಬಂದರು.

ಮ್ಯಾನೇಜರ್ ಜೊತೆ ಎರಡು ಸಲ ಕೂತೆವು. ನಾವು ಕೇಳಿದ್ದು ಬಹಳ ಏನಲ್ಲ. ತೆರವು ಅನ್ನುವ ಬದಲು ನಿಮ್ಮದೇ ಆರೈಕೆ ವಿಭಾಗದಲ್ಲಿ ಮೊದಲ ಖಾಲಿ ಬೆಡ್ ಅಂತ ಬರೆಯಿರಿ. ತೀರ್ಮಾನ ನಿಮ್ಮ ಡಾಕ್ಟರ್ ಒಬ್ಬರದ್ದೇ ಬೇಡ, ನಾವು ಹೇಳಿದವರೂ ಒಬ್ಬರು ಇರಲಿ. ಒಬ್ಬರು ಕೆಳಗೆ ಹೋದರೆ ಇನ್ನೊಬ್ಬರು ಅದೇ ರೂಮಿನಲ್ಲಿ ಒಬ್ಬರ ದರದಲ್ಲಿ ಉಳಿಯಬೇಕು, ಹೊಸ ಡಿಪಾಸಿಟ್ ಕೇಳಬಾರದು. ಡಿಪಾಸಿಟ್ ವಾಪಸ್ 90 ದಿನದಲ್ಲಿ, "ಮುಂದಿನ ನಿವಾಸಿ ಬಂದ ನಂತರ" ಅನ್ನುವುದು ಬೇಡ. ಮತ್ತು ಅದು ಇಬ್ಬರ ಹೆಸರಲ್ಲೂ ಇರಬೇಕು, ಉಳಿದವರಿಗೆ ನೇರವಾಗಿ ಸಿಗುವ ಹಾಗೆ.

ಮೊದಲು ಆಗಲ್ಲ ಅಂದರು. ಎಲ್ಲರಿಗೂ ಇದೇ ಕರಾರು, ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಎರಡನೇ ಸಲ ಒಂದನ್ನು ಬಿಟ್ಟು ಉಳಿದದ್ದಕ್ಕೆ ಒಪ್ಪಿದರು. ಡಿಪಾಸಿಟ್ 180 ದಿನ ಅಂದರು, ನಾವೂ ಬಿಟ್ಟೆವು. ಕೇಳಿದರೆ ಅರ್ಧ ಕರಾರು ಬದಲಾಗುತ್ತದೆ ಅಂತ ನನಗೆ ಆ ದಿನ ಗೊತ್ತಾಯಿತು. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರು ರಿಜಿಸ್ಟರ್ ಆಗಲೇಬೇಕು, 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ. ಬದಲಾದ ಸಾಲುಗಳು ಪಕ್ಕದ ಚೀಟಿಯಲ್ಲಿ ಅಲ್ಲ, ರಿಜಿಸ್ಟರ್ ಆದ ಕಾಗದದಲ್ಲೇ ಬರುವ ಹಾಗೆ ನೋಡಿಕೊಂಡೆವು.

ಅದೇ ವಾರ ಇನ್ನೂ ಎರಡು ಕೆಲಸ ಮುಗಿಸಿದೆವು. ಕಾಕು ಹೆಸರಲ್ಲಿ ಮಾತ್ರ ಇದ್ದ ತವರಿನ ದುಡ್ಡಿನ ಎಫ್‌ಡಿಗೆ ಕಾಕಾ ಮತ್ತು ತಂಗಿಯ ಹೆಸರು ಸೇರಿಸಿದೆವು. ಅವರ ಪರವಾಗಿ ನಾವು ಸಹಿ ಹಾಕುವ ಮುಖ್ತಿಯಾರ್ ಪತ್ರ ಮಾಡಿಟ್ಟರೆ ಸಾಕು ಅಂತ ನಾನು ಅಂದುಕೊಂಡಿದ್ದೆ. ವಕೀಲರು ತಿದ್ದಿದರು: ಕೊಟ್ಟವರ ಬುದ್ಧಿ ಸ್ಥಿಮಿತ ಹೋದರೆ ಆ ಪತ್ರವೂ ಹೋಗುತ್ತದೆ. ಬೇಕಾದ ಹೊತ್ತಿಗೇ ಕೆಲಸಕ್ಕೆ ಬರುವುದಿಲ್ಲ. ಕಾಕಾ ಇದನ್ನು ಕೇಳಿ ತಲೆಯಾಡಿಸಿದರು. ಅವರ ಭಾಷೆಯಲ್ಲಿ ಇದು ಹಸಿರಿಗೆ ಫೇಲಾಗುವ ಸಿಗ್ನಲ್. ಇಬ್ಬರೂ ವಿಲ್ ಬರೆದರು. ವೆಂಟಿಲೇಟರ್ ಬೇಡ ಅನ್ನುವ ಮುಂಗಡ ಸೂಚನೆಯನ್ನೂ ನೋಟರಿ ಮುಂದೆ ಮಾಡಿಸಿದರು. ಸುಪ್ರೀಂ ಕೋರ್ಟ್ 2018ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು, 2023ರಲ್ಲಿ ಅದರ ಕ್ರಮವನ್ನು ಸುಲಭ ಮಾಡಿತು.

ಫೇಲಾದದ್ದು

2025ರ ಫೆಬ್ರವರಿಯಲ್ಲಿ ಅವರು ಬಾವಧನ್‌ಗೆ ಬಂದರು. ಮೂರನೇ ಮಹಡಿ, ಈ ಸಲ ಲಿಫ್ಟ್ ಇದೆ. ಕಾಕು ಒಂದು ತಿಂಗಳಲ್ಲಿ ಅರ್ಧ ಕಟ್ಟಡದ ಹೆಸರು ಕಲಿತರು. ಕಾಕಾ ಗ್ರಂಥಾಲಯದ ಗಡಿಯಾರ ರಿಪೇರಿ ಮಾಡಿದರು. ಆಗಸ್ಟ್‌ನಲ್ಲಿ ಅವರಿಗೆ 80 ತುಂಬಿತು, ಪೆನ್ಶನ್ ಶೇಕಡ 20 ಏರಿತು. ಭಾಕ್ರಿ ಜೊತೆ ಶೇಂಗಾ ಹೋಳಿಗೆ ಹಂಚಿದರು.

ಗಣಪತಿ ಹಬ್ಬದ ಹೊತ್ತಿಗೆ ಕಾಕು ಇಂಡಕ್ಷನ್ ಒಲೆಯ ಮೇಲೆ ಪ್ಲಾಸ್ಟಿಕ್ ಡಬ್ಬಿ ಇಟ್ಟರು. ನಕ್ಕು ಬಿಟ್ಟೆವು. ಆಮೇಲೆ ಒಂದು ಸಂಜೆ ಲಿಫ್ಟಿನಲ್ಲಿ ಕೆಳಗೆ ಇಳಿದು, ಗೇಟಿನ ಹತ್ತಿರ ನಿಂತು, ಡೊಂಬಿವಲಿ ಸ್ಟೇಶನ್ ಎಷ್ಟು ದೂರ ಅಂತ ವಾಚ್‌ಮನ್‌ನನ್ನು ಕೇಳಿದರು. ಒಂಬತ್ತು ವರ್ಷದ ಹಳೆಯ ಆ ಮಾವಶಿಯೇ ಕೈ ಹಿಡಿದು ಮೇಲೆ ಕರೆತಂದಳು. ಮರಾಠಿ ಮೊದಲು ಹೋಯಿತು, ಆಮೇಲೆ ಹೆಸರುಗಳು. ಡಾಕ್ಟರು ಮರೆವಿನ ಕಾಯಿಲೆ ಅಂದರು. ನಾವು ಇಷ್ಟೆಲ್ಲ ಲೆಕ್ಕ ಹಾಕಿದ್ದು ಕಾಕಾ ಹೋದ ಮೇಲೆ ಕಾಕು ಹೇಗೆ ಅಂತ. ಗಟ್ಟಿಮುಟ್ಟಾಗಿದ್ದ ಕಾಕು ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ.

ಡಿಸೆಂಬರ್‌ನಲ್ಲಿ ಮೊದಲ ಮಹಡಿಯಲ್ಲಿ ಒಂದು ಬೆಡ್ ಖಾಲಿಯಾಯಿತು. ಹದಿಮೂರನೇ ಪುಟ ತೆಗೆದು ಯಾರೂ ಓದಬೇಕಾಗಲಿಲ್ಲ, ಮ್ಯಾನೇಜರ್‌ಗೆ ನೆನಪಿತ್ತು. ಕಾಕಾ ಮೂರನೇ ಮಹಡಿಯಲ್ಲೇ ಉಳಿದಿದ್ದಾರೆ, ಒಬ್ಬರ ದರದಲ್ಲಿ. ಇಬ್ಬರದೂ ಸೇರಿ ತಿಂಗಳಿಗೆ 97,000 ಆಗುತ್ತದೆ. ಏರಿದ ಪೆನ್ಶನ್, ಬಡ್ಡಿ, ಬಿಲ್ಡರ್ ಬಾಡಿಗೆ ಸೇರಿದರೆ ಹೆಚ್ಚೂಕಡಿಮೆ ಅಷ್ಟೇ. ಔಷಧಿ, ಡಯಾಪರ್ ದುಡ್ಡು ತಂಗಿ ಕಳಿಸುತ್ತಾಳೆ. ಬಿಲ್ಡರ್ ಬಾಡಿಗೆ ನಿಂತ ಮೇಲೆ ಡೊಂಬಿವಲಿಯ ಹೊಸ ಮನೆ ಸಿಗುವವರೆಗೆ ಏನು ಅನ್ನುವುದು ನನ್ನ ತಲೆಯಲ್ಲಿ ಕೂತಿರುವ ಚಿಂತೆ. ಕಟ್ಟಡ ಇನ್ನೂ ಎರಡನೇ ಸ್ಲ್ಯಾಬ್‌ನಲ್ಲಿದೆ.

ಮಧ್ಯಾಹ್ನ ಹನ್ನೆರಡೂಕಾಲಿಗೆ ಕಾಕಾ ತಮ್ಮ ತಟ್ಟೆ ಹಿಡಿದು ಮೊದಲ ಮಹಡಿಗೆ ಇಳಿಯುತ್ತಾರೆ. ಭಾಕ್ರಿ ಸಣ್ಣದಾಗಿ ಮುರಿದು ಬೇಳೆಯಲ್ಲಿ ನೆನೆಸಿ ಕಾಕುಗೆ ಕೊಡುತ್ತಾರೆ. ಕಾಕು ಅವರನ್ನು ಕೆಲವು ದಿನ ಗುರುತು ಹಿಡಿಯುತ್ತಾರೆ, ಕೆಲವು ದಿನ "ನೀವು ಯಾವ ಕಡಿಯವರ್ರಿ?" ಅಂತ ಕೇಳುತ್ತಾರೆ. ಧಾರವಾಡದವರು ಅಂತ ಕಾಕಾ ಹೇಳಿದರೆ ಖುಷಿಯಾಗುತ್ತಾರೆ.

ಮತ್ತು ಈಗಲೂ ವಾರಕ್ಕೊಮ್ಮೆ, ಯಾವ ದಿನ ಅಂತ ಹೇಳದೆ, ಕಾಕಾ ರಾತ್ರಿ ಎರಡೂವರೆಗೆ ಮೊದಲ ಮಹಡಿಗೆ ಇಳಿದು ಕಾಕುವಿನ ಬೆಡ್ ಪಕ್ಕದ ಬೆಲ್ ಒತ್ತುತ್ತಾರೆ. ನರ್ಸ್‌ಗಳಿಗೆಲ್ಲ ಗೊತ್ತು. "ಆಜೋಬಾ, ಚೆಕಿಂಗ್ ಕಾ?" ಅನ್ನುತ್ತಲೇ ಓಡಿ ಬರುತ್ತಾರೆ. ಹೋದ ವಾರದ್ದು ಡೈರಿಯಲ್ಲಿ ನೋಡಿದೆ. ಎರಡು ನಿಮಿಷ.